ಕೆಲಸ ಮಾಡುವಾಗಲೇ ಏಕೆ ನೋಡಬೇಕು?

ಕುಮಟೆಗೆ ಬಂದಾಗಲೆಲ್ಲ ಸೋದರಮಾವ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ತಮ್ಮಾ, ಪರಮಾಣುವನ್ನೇ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಿಮ್ಮಲ್ಲಿದೆ. ಪುಡಿಯನ್ನು ಒಳಗಿಟ್ಟು ನೋಡಿದರೆ ಮುಗಿಯಿತಲ್ಲ? ಅನಿಲ ಬಿಟ್ಟು, ಕಾಯಿಸಿ, ಕೆಲಸಕ್ಕೆ ಹಚ್ಚಿಯೇ ನೋಡಬೇಕೆಂಬ ಹಟ ಏಕೆ?" ಊರಿನಲ್ಲಿ ಬೇರೆಯವರೂ ಇದನ್ನೇ ಕೇಳುವುದರಿಂದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪುಡಿ ಎಂದರೆ ವೇಗವರ್ಧಕ, ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು: ಎಣ್ಣೆಯನ್ನು ವನಸ್ಪತಿಯಾಗಿಸುವ ನಿಕಲ್, ಕಾರಿನ ಹೊಗೆಯ ವಿಷ ಕಳೆಯುವ ಪ್ಲಾಟಿನಂ, ಇಂಥವು.

ಮಾವ ಚಿಪ್ಪಿಕಲ್ಲು ತಿನ್ನುವವರಲ್ಲ, ಆದರೆ ಅಘನಾಶಿನಿಯ ಅಳಿವೆಯಲ್ಲಿ ಅದನ್ನು ಹೆಕ್ಕುವುದನ್ನು ಚಿಕ್ಕಂದಿನಿಂದ ಕಂಡವರು. ಇಳಿತದಲ್ಲಿ ಹೆಕ್ಕಿ ಬುಟ್ಟಿಗೆ ಹಾಕಿದ ಚಿಪ್ಪಿ ಬಾಯಿ ಬಿಗಿದುಕೊಂಡಿರುತ್ತದೆ. ಅಷ್ಟನ್ನೇ ನೋಡಿದವನು ಕಲ್ಲೆಂದೇ ತಿಳಿದಾನು. ಭರತದ ನೀರು ಬಂದಾಗ ಅದು ಬಾಯಿ ತೆರೆದು, ನೀರೆಳೆದು, ಸೋಸಿ ಉಣ್ಣುತ್ತದೆ. ನಮ್ಮ ಪುಡಿಗೆ ಅನಿಲವೇ ಭರತದ ನೀರು, ಆದರೆ ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಯಾವಾಗಲೂ ಇಳಿತ. ಅನಿಲದ ಅಣುಗಳಿಗೆ ತಾಗಿದರೆ ಎಲೆಕ್ಟ್ರಾನ್‌ಗಳು ಚದುರಿಹೋಗುತ್ತವೆ, ಹಾಗಾಗಿ ಅಲ್ಲಿ ನಿರ್ವಾತವೇ ಬೇಕು.

2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸತುವಿನ ಆಕ್ಸೈಡಿನ ಮೇಲೆ ಕೂತ ತಾಮ್ರದ ಕಣಗಳನ್ನು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅನಿಲದ ನಡುವೆಯೇ ನೋಡಿದರು. ಮೆಥನಾಲ್ ತಯಾರಿಸುವ ವೇಗವರ್ಧಕದ ಬಳಗ ಇದು. ಹೈಡ್ರೋಜನ್‌ನಲ್ಲಿ ಹರಳಿನಂಥ ಸಪಾಟು ಮುಖಗಳು ಚೊಕ್ಕವಾಗಿ ಕಂಡ ಕಣ, ನೀರಾವಿ ಸೇರಿದೊಡನೆ ದುಂಡಗಾಯಿತು. ಕಾರ್ಬನ್ ಮಾನಾಕ್ಸೈಡ್ ಸೇರಿಸಿದಾಗ ಚಪ್ಪಟೆಯಾಯಿತು. ಅನಿಲ ಬದಲಿಸಿದರೆ ಹಳೆಯ ಆಕಾರಕ್ಕೆ ಮರಳುತ್ತಿತ್ತು. ಹಾಗಿದ್ದಮೇಲೆ ನಿರ್ವಾತದಲ್ಲಿ ತೆಗೆದ ಚಿತ್ರ ಯಾವ ಕಣದ್ದು?

ಅನಿಲ ಬಿಡಲು ಎರಡು ದಾರಿಗಳಿವೆ. ಮಾದರಿಯ ಸುತ್ತ ಮಾತ್ರ ಅನಿಲ ಬಿಟ್ಟು, ಸಣ್ಣ ರಂಧ್ರಗಳಾಚೆ ಸೋರಿದ್ದನ್ನು ಪಂಪುಗಳಿಂದ ಎಳೆದುಹಾಕುವುದು ಒಂದು. ಇದರಲ್ಲಿ ಹೆಚ್ಚೆಂದರೆ 20 ಮಿಲಿಬಾರ್ ಆಸುಪಾಸು, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಐವತ್ತನೆಯ ಒಂದು ಪಾಲು. ಇನ್ನೊಂದು, ಸಿಲಿಕಾನ್ ನೈಟ್ರೈಡಿನ ಎರಡು ತೆಳು ಕಿಟಕಿಗಳ ನಡುವೆ ಅನಿಲವನ್ನು ಮುಚ್ಚಿಡುವುದು. ಕಿಟಕಿಯ ದಪ್ಪ ಕೆಲವು ಹತ್ತು ನ್ಯಾನೊಮೀಟರ್, ಕೂದಲಿನ ಸಾವಿರದ ಒಂದು ಪಾಲಿಗೂ ಕಡಿಮೆ. ಇಲ್ಲಿ ವಾತಾವರಣದ ಒತ್ತಡವನ್ನೇ ಮುಟ್ಟಬಹುದು, ಆದರೆ ಕಿಟಕಿ ಒಡೆದರೆ ಆ ದಿನದ ಕೆಲಸ ಹೋಯಿತು. ನನ್ನದು ಒಮ್ಮೆ ಹೋಗಿದೆ, ಊಟಕ್ಕೆ ಏಳಬೇಕೆನ್ನುವಷ್ಟರಲ್ಲಿ.

ಆಕಾರ ಬದಲಿಸುವ ಕಣದ ವಿಡಿಯೊ ಕಂಡು ಎಲ್ಲರೂ ಬೆರಗಾಗುತ್ತಾರೆ. ನನಗೆ ಅಷ್ಟಕ್ಕೇ ಸಮಾಧಾನವಿಲ್ಲ. ಆ ಹೊತ್ತಿಗೆ ಹೊರಬಂದ ಅನಿಲದಲ್ಲಿ ಏನಿತ್ತು ಎಂದು ಅಳೆಯದಿದ್ದರೆ, ಕಣ ದುಡಿಯುತ್ತಿತ್ತೋ ಸುಮ್ಮನೆ ಮೈ ಮುರಿಯುತ್ತಿತ್ತೋ ಹೇಳುವುದು ಹೇಗೆ? 2014ರಲ್ಲಿ ಪ್ರಕಟವಾದ ಪ್ಲಾಟಿನಂ ಕಣದ ಅಧ್ಯಯನ ನನಗೆ ಮೆಚ್ಚುಗೆಯಾಗುವುದು ಇದಕ್ಕೇ. ವಾತಾವರಣದ ಒತ್ತಡದಲ್ಲಿ ಕಾರ್ಬನ್ ಮಾನಾಕ್ಸೈಡ್ ಉರಿಯುವ ವೇಗ ಏರಿಳಿಯುತ್ತಿದ್ದಂತೆ ಕಣವೂ ಅದೇ ತಾಳಕ್ಕೆ ದುಂಡಗಾಗಿ, ಮತ್ತೆ ಮುಖಗಳನ್ನು ತಳೆಯುತ್ತಿತ್ತು. ಎರಡನ್ನೂ ಒಟ್ಟಿಗೆ ಅಳೆದಿದ್ದರು.

ಇಷ್ಟು ಹೇಳಿ ಮುಗಿಸಿದರೆ ಮಾವ ಬಿಡಲಿಲ್ಲ. "ಚಿಪ್ಪಿಯ ಬಾಯಿಗೆ ಬ್ಯಾಟರಿ ಬೆಳಕು ಹಿಡಿದರೆ ಅದು ಮುಚ್ಚಿಕೊಳ್ಳುವುದಿಲ್ಲವೋ?"

ಮುಚ್ಚಿಕೊಳ್ಳಬಹುದು. ಎಲೆಕ್ಟ್ರಾನ್ ಕಿರಣವೇ ಅನಿಲವನ್ನು ಒಡೆದು, ಕಣವನ್ನು ಕೆಡಿಸಬಲ್ಲದು. ಅದಕ್ಕೇ ಕಿರಣವನ್ನು ಆದಷ್ಟು ಮಂದ ಮಾಡುತ್ತೇವೆ. ಕಿರಣ ಬೀಳದ ಮೂಲೆಯೊಂದನ್ನು ಹಾಗೆಯೇ ಉಳಿಸಿಕೊಂಡು, ಕೊನೆಗೆ ಅಲ್ಲಿನ ಕಣಗಳನ್ನೂ ನೋಡಿ ಹೋಲಿಸುತ್ತೇವೆ. ಎರಡೂ ಕಡೆ ಬೇರೆ ಬೇರೆ ಕಂಡ ದಿನ ವಿಡಿಯೊವನ್ನು ಯಾರಿಗೂ ತೋರಿಸುವುದಿಲ್ಲ.