ಕಲಬುರಗಿಗೊಂದು ಮರಗಳ ಯೋಜನೆ: ಸಸಿ ಎಣಿಸುವ ಮೊದಲು ಟ್ಯಾಂಕರ್ ಎಣಿಸಿ

ಮರಗಳ ಯೋಜನೆ ಎಂದ ಕೂಡಲೇ ‘ಈ ಸಲ ಎಷ್ಟು ಸಸಿ?’ ಎಂಬ ಮಾತಿನಿಂದಲೇ ಸಭೆ ಶುರುವಾಗುತ್ತದೆ. ಕಲಬುರಗಿಯಲ್ಲಿ ಆ ಪ್ರಶ್ನೆ ಕೊನೆಗೆ ಬರಬೇಕು. ಇಲ್ಲಿ ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ, ಎರಿ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ನೆಟ್ಟದ್ದು ಉಳಿಯುತ್ತದೋ ಇಲ್ಲವೋ ಎಂಬುದು ಮುಂದಿನ ಫೆಬ್ರುವರಿಯಿಂದ ಜೂನ್ ಮೊದಲ ವಾರದವರೆಗಿನ ನೂರಿಪ್ಪತ್ತು ದಿನಗಳಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಲೆಕ್ಕವನ್ನು ನೀರಿನಿಂದಲೇ ಹಿಡಿಯೋಣ.

ಸಾವಿರ ಸಸಿ ಅಂದುಕೊಳ್ಳಿ. ಮೊದಲ ಬೇಸಿಗೆಯಲ್ಲಿ ಐದು ದಿನಕ್ಕೊಮ್ಮೆ ತಲಾ 40 ಲೀಟರ್ ನೀರು. ಒಂದು ಸುತ್ತಿಗೆ 40,000 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ 8 ಲೋಡು. 120 ದಿನಕ್ಕೆ 24 ಸುತ್ತು, 192 ಲೋಡು. ಒಂದು ಲೋಡಿನಲ್ಲಿ 125 ಸಸಿಗೆ ನೀರು ಆಗುತ್ತದೆ. ಸಸಿಗೆ ಎರಡು ನಿಮಿಷ ಹಿಡಿದರೂ ನಾಲ್ಕು ತಾಸು ದಾಟುತ್ತದೆ, ಮತ್ತೆ ತುಂಬಿಸಿಕೊಂಡು ಬರಲು ಇನ್ನೊಂದು ತಾಸು. ಹಾಗಾಗಿ ಒಂದು ಟ್ಯಾಂಕರ್ ದಿನಕ್ಕೆ ಎರಡು ಲೋಡು ಮುಗಿಸುವುದೇ ಕಷ್ಟ. ಐದು ದಿನದಲ್ಲಿ 8 ಲೋಡು ಆಗಬೇಕೆಂದರೆ ಅದಕ್ಕೆ ಬೇರೆ ಕೆಲಸ ಹಚ್ಚುವಂತಿಲ್ಲ. ಎರಡನೇ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಮೂರನೆಯದರಲ್ಲಿ ಇಪ್ಪತ್ತು ದಿನಕ್ಕೊಮ್ಮೆ ಸಾಕು. ಆದರೂ ಪ್ರತಿ ವರ್ಷ ಸಾವಿರ ಸಸಿ ನೆಡುವ ಊರಿಗೆ ಮೂರನೇ ಬೇಸಿಗೆಯಿಂದ 192, 96, 48 ಸೇರಿ 336 ಲೋಡು ಬೇಕು. ಎರಡು ಟ್ಯಾಂಕರ್, ಇಬ್ಬರು ಚಾಲಕರು, ಪೈಪು ಹಿಡಿಯಲು ಇಬ್ಬರು. ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ಹಂಚಿದರೆ ಸಾವಿರ ಸಸಿ ಎಂದರೆ ವಾರ್ಡಿಗೆ 18. ಸಭೆಯಲ್ಲಿ ಇದು ತೀರ ಸಣ್ಣ ಸಂಖ್ಯೆಯಾಗಿ ಕೇಳಿಸುತ್ತದೆ. ಆದರೆ ವರ್ಷಕ್ಕೆ ವಾರ್ಡಿಗೆ 18 ನೆಡುವುದಕ್ಕೇ ಊರಿಗೆ ಎರಡು ಟ್ಯಾಂಕರ್ ಬೇಸಿಗೆಯುದ್ದಕ್ಕೂ ಓಡಬೇಕು ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಟ್ಟರೆ ಐವತ್ತು ಸಾವಿರ ಸಸಿಯ ಘೋಷಣೆಗಳು ತಾವಾಗಿ ನಿಲ್ಲುತ್ತವೆ.

ಬೇಸಿಗೆಯಲ್ಲಿ ಟ್ಯಾಂಕರುಗಳು ಕುಡಿಯುವ ನೀರಿಗೆ ಹೋಗುತ್ತವೆ, ಹೋಗಲೇಬೇಕು. ಆದ್ದರಿಂದ ಸಸಿಗಳ ಟ್ಯಾಂಕರ್ ಬೇರೆ ಇರಲಿ, ಅದಕ್ಕೆ ಶುದ್ಧೀಕರಿಸಿದ ಕೊಳಚೆ ನೀರು ಬಳಸಲಿ. ಒಂದು ಎಚ್ಚರ: ಅಂಥ ನೀರಿನಲ್ಲಿ ಲವಣ ಹೆಚ್ಚಿರಬಹುದು. ಎರಿ ಮಣ್ಣಿನಲ್ಲಿ ಸೋಡಿಯಂ ಕೂಡುತ್ತ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮೊದಲು, ನೀರು ಮತ್ತು ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಬೇಕು.

ಇನ್ನು ಈಗಾಗಲೇ ನಿಂತಿರುವ ಮರಗಳು. ಮೂವತ್ತು ವರ್ಷದ ಒಂದು ಬೇವು ಕೊಡುವ ನೆರಳನ್ನು ಈ ವರ್ಷದ ನೂರು ಸಸಿ ಸೇರಿದರೂ ಕೊಡಲಾರವು. ಅದಕ್ಕೆ ಟ್ಯಾಂಕರ್ ಕೂಡ ಬೇಡ. ಹಾಗಾಗಿ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಪಾಲು ಹಳೆಯ ಮರಗಳ ಆರೈಕೆಗೇ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಮೊದಲು ಗಣತಿ ಆಗಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೇ ನಗರ ಪ್ರದೇಶಕ್ಕೆ ವೃಕ್ಷ ಪ್ರಾಧಿಕಾರ ಇರಬೇಕೆಂದೂ ಮರಗಳ ಗಣತಿ ಅದರ ಕರ್ತವ್ಯವೆಂದೂ ಹೇಳುತ್ತದೆ. ಮರ ಕಡಿಯಲು ಅನುಮತಿ ಕೊಡುವವರು ವೃಕ್ಷ ಅಧಿಕಾರಿ; ಸಾರ್ವಜನಿಕ ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಹೋಗುವುದಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಯೋಜನೆಗೆ ಕಾನೂನಿನ ಬಲ ಬೇಕಿದ್ದರೆ ಅದನ್ನು ಈ ಪ್ರಾಧಿಕಾರದ ಮೂಲಕವೇ ತರಬೇಕು.

ಗಣತಿಗೆ ಇಬ್ಬರ ತಂಡ, ಒಂದು ಟೇಪು, ಒಂದು ಮೊಬೈಲು ಸಾಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆಯಬೇಕು. 30 ಸೆಂಟಿಮೀಟರ್ ದಾಟಿದ್ದೆಲ್ಲ ಮರವೆಂದು ದಾಖಲಾಗಲಿ. ನಮ್ಮ ಕಡೆ ಮರಕ್ಕೂ ‘ಗಿಡ’ ಅನ್ನುತ್ತೇವೆ, ಸಸಿಗೂ ‘ಗಿಡ’ ಅನ್ನುತ್ತೇವೆ. ಮಾತಿನಲ್ಲಿ ಅದು ಚೆಂದ, ಆದರೆ ರಿಜಿಸ್ಟರಿನಲ್ಲಿ ‘ಇನ್ನೂರು ಗಿಡ’ ಎಂದು ಬರೆದರೆ ಐದು ವರ್ಷದ ನಂತರ ಯಾರಿಗೂ ಅರ್ಥವಾಗುವುದಿಲ್ಲ. ಹೆಸರುಗಳೂ ಹಾಗೆಯೇ. ಬೇವು, ಹೆಬ್ಬೇವು, ಅರಬೇವು ಮೂರನ್ನೂ ‘ಬೇವು’ ಎಂದು ಬರೆದುಬಿಡುತ್ತಾರೆ. ಹೂವಿಲ್ಲದ ಕಾಲದಲ್ಲಿ ಗುಲ್‌ಮೊಹರ್ ಮತ್ತು ಹಳದಿ ಹೂವಿನ ಪೆಲ್ಟೋಫೋರಂ ಒಂದೇ ಅನ್ನಿಸುತ್ತವೆ. ಎಲೆ, ತೊಗಟೆ, ಕಾಯಿಯ ಮೂರು ಫೋಟೊ ಕಡ್ಡಾಯ ಮಾಡಿದರೆ ಸಸ್ಯಶಾಸ್ತ್ರ ಓದಿದವರು ಸಂಜೆ ಕೂತು ತಿದ್ದಬಹುದು. ಮೊಬೈಲಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ, ಸಾಲುಮರಗಳಲ್ಲಿ ಎರಡರ ಗುರುತು ಅದಲುಬದಲಾಗುತ್ತದೆ. ಅದಕ್ಕೆ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆಯನ್ನೂ ರಸ್ತೆಯ ಯಾವ ಬದಿ ಎಂಬುದನ್ನೂ ಬರೆದುಕೊಳ್ಳಬೇಕು. ಇವಲ್ಲದೆ ಬುಡದ ಸುತ್ತ ತೆರೆದ ಮಣ್ಣು ಎಷ್ಟಿದೆ, ಗಟಾರ ಎಷ್ಟು ದೂರ, ಮೇಲೆ ತಂತಿ ಇದೆಯೇ, ಒಣಗಿದ ಕೊಂಬೆ, ಟೊಳ್ಳು, ಬುಡದಲ್ಲಿ ಅಣಬೆ, ಹೊಸದಾಗಿ ವಾಲಿದ ಗುರುತು. ಕೊನೆಯ ಕಲಂ ಎಲ್ಲಕ್ಕಿಂತ ಮುಖ್ಯ: ಮುಂದಿನ ಕೆಲಸ ಏನು, ಯಾವ ತಿಂಗಳು. ಆ ಕಲಂ ಇಲ್ಲದ ಗಣತಿ ಕಪಾಟು ಸೇರುತ್ತದೆ.

ನಮ್ಮೂರ ಮರಗಳು ಹೆಚ್ಚಾಗಿ ಸಾಯುವುದು ಕೊಡಲಿಯಿಂದಲ್ಲ, ಗಟಾರದಿಂದ. ಬೇರುಗಳ ಬಹುಪಾಲು ಮಣ್ಣಿನ ಮೇಲ್ಪದರದ ಅರವತ್ತು ಸೆಂಟಿಮೀಟರಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ. ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಬೇರಿನ ರಕ್ಷಣಾ ವಲಯ ಎಂಬುದು ಮರ ತಜ್ಞರು ಬಳಸುವ ಲೆಕ್ಕ. ಸ್ಥಳದಲ್ಲಿ ಸುಲಭವಾಗಬೇಕೆಂದರೆ, ಸುತ್ತಳತೆಯ ಸುಮಾರು ನಾಲ್ಕು ಪಟ್ಟು. 188 ಸೆಂಟಿಮೀಟರ್ ಸುತ್ತಳತೆಯ ಬೇವಿಗೆ ಅದು ಏಳು ಮೀಟರಿಗೂ ಮಿಕ್ಕಿ. ಓಣಿಯಲ್ಲಿ ಅಷ್ಟು ಜಾಗ ಬಿಡಲು ಆಗುವುದಿಲ್ಲ ಎಂಬುದು ಸರಿಯೇ. ಆದರೆ ಅಂಥ ಮರದಿಂದ ಮೂರು ಮೀಟರಿನೊಳಗೆ ಜೆಸಿಬಿ ಬರಕೂಡದು ಎಂದು ಟೆಂಡರಿನಲ್ಲೇ ಬರೆಯಬಹುದು. ಆ ಮೂರು ಮೀಟರಿನೊಳಗಿರುವ ಬೇರುಗಳೇ ಮರವನ್ನು ನಿಲ್ಲಿಸಿರುವುದು. ಅಲ್ಲಿ ಗುದ್ದಲಿಯಿಂದಲೇ ಅಗೆಯಬೇಕು, ಮಣಿಕಟ್ಟಿನಷ್ಟು ದಪ್ಪದ ಬೇರು ಕಂಡರೆ ಪೈಪನ್ನು ಅದರ ಕೆಳಗಿನಿಂದ ತೂರಿಸಬೇಕು. ಸಣ್ಣ ಬೇರು ಕತ್ತರಿಸಲೇಬೇಕಾದರೆ ಗರಗಸದಿಂದ ನೇರ ಕತ್ತರಿಸಿ, ಒದ್ದೆ ಗೋಣಿತಟ್ಟು ಹೊದಿಸಿ, ಅದೇ ದಿನ ಮಣ್ಣು ಮುಚ್ಚಬೇಕು. ಜೆಸಿಬಿ ಬೇರನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ. ಸೀಳಿದಲ್ಲಿ ಕೊಳೆ ಹತ್ತಿ ಕಾಂಡದತ್ತ ಬರುತ್ತದೆ. ಮರ ಆಗಲೇ ಬೀಳುವುದಿಲ್ಲ. ಎರಡು ಮೂರು ವರ್ಷ ಹಸಿರಾಗಿಯೇ ಇದ್ದು, ಮೇ ತಿಂಗಳ ಗಾಳಿಮಳೆಯಲ್ಲಿ ಗಟಾರಕ್ಕೆ ಬೆನ್ನು ಕೊಟ್ಟು ಆಚೆ ಉರುಳುತ್ತದೆ. ಗಾಳಿಗೆ ಬಿತ್ತು ಎಂದು ವರದಿಯಾಗುತ್ತದೆ, ಗಟಾರದ ಮಾತು ಬರುವುದೇ ಇಲ್ಲ.

ಬುಡಕ್ಕೆ ಕಾಂಕ್ರೀಟು ಹಾಕುವುದು ಇದರ ಜೊತೆಗೇ ಬರುವ ಪಿಡುಗು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣದಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತು. ನಮಗೆ ಒಂದು ಅನುಕೂಲ ಇದೆ: ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ಬುಡದ ಸುತ್ತ ಒಂದೂವರೆ ಮೀಟರ್ ಮಣ್ಣನ್ನು ಹಾಗೇ ಬಿಟ್ಟು, ಅದರಾಚೆ ಸಿಮೆಂಟ್ ಹಾಕದೆ ಮರಳಿನ ಮೇಲೆ, ಬೆರಳು ಹೋಗುವಷ್ಟು ಸಂದು ಬಿಟ್ಟು ಫರ್ಸಿ ಹಾಸಿದರೆ ಜನ ನಡೆಯುತ್ತಾರೆ, ನೀರು ಇಳಿಯುತ್ತದೆ, ಬೇರು ಎತ್ತಿದಾಗ ಒಂದೊಂದೇ ಕಲ್ಲು ತೆಗೆದು ಸರಿ ಮಾಡಬಹುದು. ಗುಡಿ, ದರ್ಗಾಗಳ ಅರಳಿಕಟ್ಟೆಗಳಲ್ಲಿ ಇನ್ನೊಂದು ತಪ್ಪು ಆಗುತ್ತದೆ: ಕಟ್ಟೆಯನ್ನು ಎತ್ತರಿಸಿ ಕಾಂಡದ ಮೇಲೆ ಎರಡಡಿ ಮಣ್ಣು ತುಂಬುತ್ತಾರೆ. ಮುಚ್ಚಿದ ತೊಗಟೆ ಒಳಗೇ ಕೊಳೆಯುತ್ತದೆ. ಕಟ್ಟೆ ಕಟ್ಟಿ, ಆದರೆ ಕಾಂಡದ ಸುತ್ತ ಒಂದು ಮೊಳ ಖಾಲಿ ಬಿಡಿ.

ಕೊಂಬೆ ಸವರುವುದಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಯುಗಾದಿಯ ಹೊತ್ತಿಗೆ ಬೇವು ಚಿಗುರುತ್ತದೆ, ಚಿಗುರಿನಲ್ಲಿ ಕತ್ತರಿಸಿದರೆ ಮರದ ಶಕ್ತಿ ಹೋಗುತ್ತದೆ. ಏಪ್ರಿಲ್–ಮೇ ಗಾಳಿಮಳೆಗೆ ಮುಂಚೆ ಅಪಾಯದ ಕೊಂಬೆಗಳೂ ಇಳಿದಿರುತ್ತವೆ. ಮೂರು ಕೊಯ್ತದ ಕ್ರಮ ಎಲ್ಲ ಕೆಲಸಗಾರರಿಗೂ ಕಲಿಸಬೇಕು. ಕಾಂಡದಿಂದ ಒಂದಡಿ ಆಚೆ ಕೊಂಬೆಯ ಕೆಳಗಿನಿಂದ ಕಾಲು ಭಾಗ ಕೊಯ್ಯಿರಿ. ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡ ಸೇರುವಲ್ಲಿ ಉಬ್ಬಿದ ಕುತ್ತಿಗೆ ಕಾಣುತ್ತದಲ್ಲ, ಅದರ ಹೊರಗೆ ಕತ್ತರಿಸಿ. ಕೆಳಗಿನ ಕೊಯ್ತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕುತ್ತಿಗೆಯನ್ನೇ ಕತ್ತರಿಸಿದರೆ ಗಾಯ ಮುಚ್ಚುವುದಿಲ್ಲ. ಅಮೆರಿಕದ ಮರ ತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಗಾಯಕ್ಕೆ ಬಣ್ಣ, ಡಾಂಬರು ಬಳಿಯುವುದರಿಂದ ಉಪಯೋಗವಿಲ್ಲ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಲೆ ಬೋಳಿಸುವುದಂತೂ ಬೇಡವೇ ಬೇಡ. ಬೋಳಿಸಿದ ಮರದಲ್ಲಿ ಬರುವ ಹೊಸ ರೆಂಬೆಗಳು ತೊಗಟೆಯ ಅಡಿಯಿಂದಷ್ಟೇ ಹುಟ್ಟಿರುತ್ತವೆ, ಹಿಡಿತವಿರುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ದಪ್ಪವಾಗಿ ಅವೇ ಜನರ ಮೇಲೆ ಬೀಳುತ್ತವೆ. ವಿದ್ಯುತ್ ಕಂಪನಿ ಜೆಸ್ಕಾಂ ಜೊತೆ ಒಂದೇ ಕ್ಯಾಲೆಂಡರ್ ಮಾಡಿಕೊಂಡು, ತಂತಿ ಬದಿಯ ಕೆಲಸಕ್ಕೆ ಪಾಲಿಕೆಯ ತರಬೇತಿ ಪಡೆದ ಒಬ್ಬರು ಜೊತೆಗಿರಲಿ. ಒಂದೇ ಬದಿ ಬೋಳಾದ ಮರ ಇನ್ನೊಂದು ಬದಿಗೆ ತೂಗಿ ನಿಲ್ಲುತ್ತದೆ.

ಜಾತಿಯ ಆಯ್ಕೆಗೆ ಒಂದು ಹಳೆಯ ಅಂದಾಜಿದೆ. ಒಂದು ಜಾತಿ ಶೇ. 10, ಒಂದು ಕುಲ ಶೇ. 20, ಒಂದು ಕುಟುಂಬ ಶೇ. 30 ದಾಟಬಾರದು ಎಂದು 1990ರಲ್ಲಿ ಅಮೆರಿಕದ ಮರ ತಜ್ಞ ಫ್ರ್ಯಾಂಕ್ ಸ್ಯಾಂಟಮೂರ್ ಹೇಳಿದ್ದು. ಬೇವಿನ ಊರುಗಳಲ್ಲಿ ಇದನ್ನು ಪಾಲಿಸುವುದು ಕಷ್ಟ, ಆದರೂ ಗುರಿ ಇರಲಿ. ಅಂಥ ಗುರಿ ಏಕೆ ಬೇಕೆಂಬುದನ್ನು ಬೇವಿನ ತುದಿ ಒಣಗುವ ರೋಗ ತೋರಿಸಿಕೊಟ್ಟಿದೆ. ಅದನ್ನು ತರುವುದು ಫೋಮಾಪ್ಸಿಸ್ ಶಿಲೀಂಧ್ರ, ಜೊತೆಗೆ ಚಹಾ ಸೊಳ್ಳೆ ಕೀಟ. ಮಳೆಗಾಲದಲ್ಲಿ ಹತ್ತಿ ಇಡೀ ಸಾಲು ಕಂದಾಗಿ ಕಾಣುತ್ತದೆ. ಸತ್ತಿತೆಂದು ಕಡಿಯಬೇಡಿ, ಬಹುಪಾಲು ಮರಗಳು ಬೇಸಿಗೆಯ ಚಿಗುರಿನಲ್ಲಿ ಚೇತರಿಸಿಕೊಳ್ಳುತ್ತವೆ. ಒಣ ತುದಿಗಳನ್ನು ಹಸಿ ಭಾಗದವರೆಗೆ ಕತ್ತರಿಸಿ ಸುಟ್ಟುಹಾಕಿ.

ಹೊಸದಾಗಿ ನೆಡುವಲ್ಲಿ ಎರಿ ಮಣ್ಣಿಗೆ ಹೊಂಗೆ, ಬಾಗೆ, ಬನ್ನಿ ಒಗ್ಗುತ್ತವೆ. ವಿಶಾಲ ಜಾಗವಿದ್ದರೆ ಹುಣಸೆ, ಬಸರಿ, ಆಲ. ತೇವ ನಿಲ್ಲುವಲ್ಲಿ ನೇರಳೆ. ತಂತಿಯ ಕೆಳಗೆ ಬಸವನಪಾದ, ದೇವಕಣಗಿಲೆಯಂಥ ಗಿಡ್ಡ ಜಾತಿ. ಬನ್ನಿಯನ್ನು ಪ್ರತಿ ವಾರ್ಡಿನಲ್ಲೂ ಹಾಕಿರಿ ಎನ್ನುತ್ತೇನೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುವ ಊರಿನಲ್ಲಿ ಉಳಿದಿರುವ ನಾಲ್ಕು ಬನ್ನಿ ಮರಗಳೇ ದಸರೆಯ ದಿನ ಪೂರ್ತಿ ಮುರಿಸಿಕೊಳ್ಳುತ್ತವೆ. ಗುಲ್‌ಮೊಹರ್ ಕೊಂಬೆ ಗಾಳಿಗೆ ಮುರಿಯುತ್ತದೆ, ರಸ್ತೆಗೆ ಬೇಡ. ಬೇಗ ಹಸಿರಾಗುತ್ತದೆಂದು ಕೋನೋಕಾರ್ಪಸ್ ಎಂಬ ವಿದೇಶಿ ಮರ ತರಬೇಡಿ. ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿದೆ.

ತಗ್ಗಿನ ಅಗಲ ಒಂದು ಮೀಟರ್, ಆಳ ಸಸಿಯ ಬೇರುಂಡೆಯಷ್ಟೇ. ಯಂತ್ರ ತೋಡಿದ ತಗ್ಗಿನ ಗೋಡೆ ಎರಿ ಮಣ್ಣಿನಲ್ಲಿ ಮಡಕೆಯಂತೆ ನುಣುಪಾಗುತ್ತದೆ, ಬೇರು ಒಳಗೇ ಸುತ್ತುತ್ತದೆ, ಮಳೆನೀರು ನಿಂತು ಕೊಳೆಯುತ್ತದೆ. ಗುದ್ದಲಿಯಿಂದ ಗೋಡೆ ಒರಟು ಮಾಡಿ, ತೆಗೆದ ಮಣ್ಣನ್ನೇ ತುಂಬಿ, ಸಸಿಯ ಕುತ್ತಿಗೆ (ಕಾಂಡ, ಬೇರು ಕೂಡುವ ಜಾಗ) ನೆಲಕ್ಕಿಂತ ಎರಡು ಮೂರು ಬೆರಳು ಮೇಲಿರುವಂತೆ ನೆಡಿ. 14×20 ಇಂಚಿನ ಚೀಲದ, ಆರಡಿ ದಾಟಿದ ಸಸಿ ದನ–ಕುರಿ ಬಾಯಿಗೆ ಸಿಗುವುದು ಕಡಿಮೆ. ಚೀಲ ಪೂರ್ತಿ ಹರಿದು ತೆಗೆದು ಸುತ್ತಿದ ಬೇರನ್ನು ಕತ್ತರಿಸಿಯೇ ನೆಡಬೇಕು. ಪರಿಸರ ದಿನವೆಂದು ಜೂನ್ 5ಕ್ಕೆ ಕಾಯ್ದುಕೊಂಡು ನೆಡಬೇಡಿ, ಒಂದಡಿ ಆಳಕ್ಕೆ ಮಣ್ಣು ನೆನೆದ ಮೇಲೆ, ಜುಲೈಯಿಂದ ಆಗಸ್ಟ್ ನಡುವೆ ನೆಡಿ. ಜನವರಿಯಲ್ಲಿ ತೊಗರಿ ರಾಶಿ ಮುಗಿದಾಗ ತೊಗರಿ ಕಟ್ಟಿಗೆ ಸಿಗುತ್ತದೆ. ಅದನ್ನು ಕತ್ತರಿಸಿ ನಾಲ್ಕು ಇಂಚು ದಪ್ಪ ಹೊದಿಕೆ ಹಾಕಿದರೆ ಬಿರುಕು ಕಡಿಮೆಯಾಗುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲವಾದರೆ ಗೆದ್ದಲು ಹತ್ತುತ್ತದೆ. ಬಿರುಕು ಬಿಟ್ಟ ಪಾತಿಗೆ ನೀರು ಹಾಕಿದರೆ ಅದು ಬಿರುಕಿನಲ್ಲಿ ಇಳಿದು ಬೇರಿಗೆ ಸಿಗದೆ ಹೋಗುತ್ತದೆ, ಮೊದಲು ಮೇಲ್ಮಣ್ಣು ಕೆದಕಿ ಬಿರುಕು ಮುಚ್ಚಬೇಕು. ಎರಡನೇ ವರ್ಷ ಕಬ್ಬಿಣದ ಕಾವಲು ಬಳೆಯನ್ನು ನೋಡಿ ಸಡಿಲಿಸದಿದ್ದರೆ ಅದೇ ಕಾಂಡವನ್ನು ಬಿಗಿಯುತ್ತದೆ.

ಗುತ್ತಿಗೆಯ ಹಣವನ್ನು ನೆಟ್ಟ ದಿನವೇ ಪೂರ್ತಿ ಕೊಡಬಾರದು. ನೆಟ್ಟಾಗ ಶೇ. 40, ಮೊದಲ ಬೇಸಿಗೆ ದಾಟಿ ಬದುಕಿದ ಸಸಿಗಳ ಲೆಕ್ಕಕ್ಕೆ ಶೇ. 30, ಮೂರನೇ ಬೇಸಿಗೆ ದಾಟಿದ್ದಕ್ಕೆ ಉಳಿದ ಶೇ. 30. ಎಣಿಸುವವರು ಗುತ್ತಿಗೆದಾರರ ಕಡೆಯವರಾಗಿರಬಾರದು. ರಿಜಿಸ್ಟರಿನಲ್ಲಿ ಸತ್ತ ಸಸಿಯ, ಬಿದ್ದ ಮರದ ಸಂಖ್ಯೆಯನ್ನು ಹೊಸದಕ್ಕೆ ಕೊಡಬೇಡಿ. ಆ ಸಾಲನ್ನು ಹಾಗೇ ಉಳಿಸಿ, ಬಿದ್ದ ದಿನಾಂಕ, ಕಾರಣ, ಬೇರಿನ ಫೋಟೊ, ಹತ್ತಿರದಲ್ಲಿ ಎಂದು ಅಗೆದಿದ್ದರು ಎಂಬುದನ್ನು ಬರೆದಿಡಿ. ಮುಂದಿನ ಗಟಾರದ ಅಂದಾಜುಪಟ್ಟಿ ಬಂದಾಗ ಎಂಜಿನಿಯರ್ ಮುಂದೆ ಇಡಲು ಬೇಕಾಗುವುದು ಆ ಪುಟಗಳೇ.