ಅವ್ವ ಎಲ್ಲಾದಕ್ಕೂ "ಛಲೋ" ಅಂದಿದ್ಳು

ಹೋದ ಶ್ರಾವಣದಾಗ ನಮ್ಮವ್ವಗ ಶುಗರ್ ಭಾಳ ಏರಿ ಕಲಬುರಗಿಯ ಒಂದು ದವಾಖಾನಿಗೆ ಅಡ್ಮಿಟ್ ಮಾಡಿದ್ವಿ, ಐದು ದಿನ ಇದ್ಳು. ಡಿಸ್ಚಾರ್ಜ್ ದಿನ ಸಿಸ್ಟರ್ ಒಬ್ರು ಫಾರ್ಮ್ ಹಿಡ್ಕೊಂಡು ಬಂದು ಊಟ ಹ್ಯಾಂಗಿತ್ತು, ಸ್ವಚ್ಛತಾ ಹ್ಯಾಂಗಿತ್ತು, ಎಲ್ಲಾರೂ ಛಂದಂಗ ಮಾತಾಡಿಸಿದ್ರಾ ಅಂತ ಕೇಳಿದ್ರು, ಅವ್ವ ಎಲ್ಲಾದಕ್ಕೂ "ಛಲೋ ಅದ ಯವ್ವಾ" ಅಂದ್ಳು, ಅವ್ರು ಟಿಕ್ ಹಾಕಿದ್ರು, ಈಕಿ ಹೆಬ್ಬೆಟ್ಟು ಒತ್ತಿದ್ಳು.

ಮನಿಗೆ ಬಂದ ಮೊದಲನೇ ಸೋಮವಾರ ಒಪ್ಪತ್ತು ಇದ್ಳು. ಮುಂಜಾನಿ ಏನೂ ತಿಂದಿಲ್ಲ, ಆದ್ರ ಗುಳಿಗಿ ತಪ್ಪಿಸಬಾರ್ದಂತ ನುಂಗ್ಯಾಳ. ಹನ್ನೊಂದರ ಸುಮಾರು ಮೈಯೆಲ್ಲಾ ಬೆವರು, ಕೈ ನಡಗ್ಲಕತ್ತಿತ್ತು, ಕಣ್ಣಿಗಿ ಕತ್ತಲಿ ಬಂದಂಗ ಆಯ್ತು ಅಂತ ಗ್ವಾಡಿ ಹಿಡ್ಕೊಂಡು ಕುಂತ್ಳು. ಸಕ್ರಿ ನೀರು ಕುಡಿಸಿದ ಮ್ಯಾಲ ಸುಧಾರಿಸ್ಕೊಂಡ್ಳು. ಗುಳಿಗಿ ಪಾಕೀಟಿನ ಮ್ಯಾಲ ಪೆನ್ನಿಲೆ 1-0-1 (ಮುಂಜಾನಿ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಅಂತ ಬರದಿತ್ತು, ಅಷ್ಟೇ. ಓದ್ಲಕ್ಕ ಬರದ ಹೆಣ್ಣುಮಗಳಿಗಿ ಅದ್ರಾಗ ಏನು ತಿಳೀಬೇಕು? ಉಣಲಾರ್ದಾಗ ಇದು ತಗೋಬ್ಯಾಡ್ರಿ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಂಗಂತ ಅವ್ವ ಸುಳ್ಳು ಹೇಳಿದ್ಳಾ, ಇಲ್ಲ. ಐದು ದಿನ ಸಲೈನ್ ಹಚ್ಚಿದವರೇ ಎದುರು ನಿಂತು ಕೇಳಿದ್ರ ಯಾರು ಕೆಟ್ಟದಂತಾರ್ರಿ, ಮುಂದಿನ ತಿಂಗಳು ಮತ್ತ ಅಲ್ಲೇ ಹೋಗಬೇಕಲ್ಲ. ಮತ್ತ "ಹ್ಯಾಂಗಿತ್ತು" ಅಂತ ಕೇಳಿದ್ರ ಬರೋದು ಮನಸ್ಸಿನ ಮಾತು, ಅದು ಅವರವರ ನಿರೀಕ್ಷೆ ಮ್ಯಾಲ ಹೋಗ್ತದ. ಜೀವ ಉಳೀತು ಅನ್ನೋದೇ ದೊಡ್ಡದು ನಮ್ಮ ಮಂದಿಗಿ.

ಅಮೆರಿಕಾದ ದವಾಖಾನಿಗಳಾಗ 2006ರಿಂದ ಎಚ್‌ಕ್ಯಾಪ್ಸ್ ಅಂತ ಪೇಷಂಟ್ ಮಂದಿನ್ನ ಕೇಳೋ ಒಂದು ಸರ್ವೆ ನಡೀತದ, ರಿಸಲ್ಟು 2008ರಿಂದ ಎಲ್ಲಾರೂ ನೋಡೋಹಂಗ ಹಾಕ್ತಾರ. ಅದ್ರಾಗ "ಹೊಸ ಔಷಧ ಕೊಡೋಕಿಂತ ಮೊದಲು ಅದು ಯಾತಕ್ಕಂತ ಎಷ್ಟು ಸಲ ಹೇಳಿದ್ರು" ಅನ್ನೋಂಥ ಪ್ರಶ್ನೆ ಅದ, ಉತ್ತರ "ಒಮ್ಮೆನೂ ಇಲ್ಲ", "ಕೆಲವು ಸಲ", "ಬಹಳಷ್ಟು ಸಲ", "ಯಾವಾಗಲೂ" ಇದ್ರಾಗ ಒಂದು. ಖುಷಿ ಆಯ್ತಾ ಅಂತಲ್ಲ, ಏನು ನಡೀತು ಅಂತ ಕೇಳೋದು. ಅದೂ ಡಿಸ್ಚಾರ್ಜ್ ಆಗಿ 48 ತಾಸಿನ ಮ್ಯಾಲ, ಆರು ವಾರದೊಳಗ, ಅಂದ್ರ ಪೇಷಂಟ್ ಮನ್ಯಾಗ ಇದ್ದಾಗ. "ಒಮ್ಮೆನೂ ಇಲ್ಲ" ಅಂತ ಭಾಳ ಮಂದಿ ಅಂದ್ರ ಯಾವ ಕೆಲಸ ಸರಿ ಮಾಡಬೇಕು ಅನ್ನೋದು ಅಲ್ಲೇ ಗೊತ್ತಾಗ್ತದ, ನಮ್ಮ ಫಾರ್ಮಿನ "ಛಲೋ"ದಿಂದ ಏನು ಸರಿ ಮಾಡ್ತೀರಿ?

ನಮ್ಮಲ್ಲೂ ಕೇಂದ್ರ ಸರ್ಕಾರದ ಮೇರಾ ಅಸ್ಪತಾಲ್ 2016ರಾಗೇ ಬಂದದ, ಮೆಸೇಜ್, ಫೋನ್, ಆ್ಯಪ್ ಎಲ್ಲಾದ್ರಾಗೂ ಅಭಿಪ್ರಾಯ ಕೇಳ್ತದ. ಭಾಳ ಛಲೋ ಕೆಲಸ ಅದು. ಆದ್ರ ನಮ್ಮ ಕಡೆ ಚೀಟಿ ಮಾಡಿಸೋವಾಗ ಎಷ್ಟೋ ಮುದುಕರು ಕೊಡೋದು ಮಗನ ನಂಬರ್, ಮಗ ಇರೋದು ಬೆಂಗಳೂರಿನಾಗೋ ಪುಣೆದಾಗೋ ಕೆಲಸದ ಮ್ಯಾಲ, ಅವನಿಗೇನು ಗೊತ್ತು ವಾರ್ಡಿನಾಗ ಏನಾಯ್ತಂತ. ಅದಕ್ಕ ನನಗನಸ್ತದ, ವಾರ ಬಿಟ್ಟು ಆಶಾ ಅಕ್ಕನೋರು ಮನಿಗಿ ಹೋಗಿ ಪೇಷಂಟನ್ನೇ ಕೇಳಬೇಕು, ಕನ್ನಡ, ಉರ್ದು, ತೆಲುಗು, ಮರಾಠಿ ಅವರಿಗಿ ಬರೋ ಮಾತಿನಾಗ.

ಮೊನ್ನಿ ನಮ್ಮ ಚಿಗವ್ವ ಬ್ಯಾರೆ ದವಾಖಾನಿಯಿಂದ ಬಂದ್ಳು. ಹ್ಯಾಂಗ ನೋಡಿದ್ರು ಅಂತ ಕೇಳ್ಲಿಲ್ಲ ನಾನು, ಗುಳಿಗಿ ಯಾವುದು ಯಾತಕ್ಕಂತ ಹೇಳಿದ್ರಾ ಅಂತ ಕೇಳ್ದೆ. "ಹೇಳಿದ್ರು ಖರೆ, ಹಿಂದಿದಾಗ ಹೇಳಿದ್ರು, ನಾ ಹೂಂ ಅಂದೆ" ಅಂದ್ಳು. ಚೀಟಿ ಕೊಡೋ ಹೊತ್ತಿಗಿ ಕನ್ನಡ ಬರೋರು ಒಬ್ರು ಅಲ್ಲಿ ನಿಂತಿದ್ರ ಇಷ್ಟಾಗ್ತಿರಲಿಲ್ಲ. ಪಾಕೀಟೆಲ್ಲಾ ತೆಗೆದು ಇಬ್ಬರೂ ಕುಂತು ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬಣ್ಣದ ದಾರ ಕಟ್ಟಿದ್ವಿ, ಉಣ್ಣೋಕಿಂತ ಮೊದಲಿಂದಕ್ಕ ಕೆಂಪು.