ಎರೆನೆಲದ ಮೇಲಿನ ರಿಂಕ್

ರಾಯಚೂರಿನಿಂದ ಮಾನ್ವಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಹಿಂದೆ ಹತ್ತಿ ಬೆಳೆಯುತ್ತಿದ್ದ ಒಂದು ಹೊಲದಲ್ಲಿ, ತಗಡಿನ ಚಾವಣಿಯ ಉದ್ದನೆಯ ಶೆಡ್ಡೊಂದು ಇಂದಿಗೂ ನಿಂತಿದೆ. ಗೇಟಿಗೆ ಬೀಗ ಬಿದ್ದ ಮೇಲೆ ಅದನ್ನು ಮೊದಲು ಗೊಬ್ಬರದ ಚೀಲಗಳನ್ನು ಇಡಲು, ಆಮೇಲೆ ಮದುವೆ ಪೆಂಡಾಲಿನ ಸಾಮಾನು ತುಂಬಲು ಬಾಡಿಗೆಗೆ ಕೊಡಲಾಯಿತು. ಈಗ ಎರಡೂ ಇಲ್ಲ. ನಾನು ಆರನೆಯ ತರಗತಿಯಲ್ಲಿದ್ದಾಗ ಕಾಲಿಗೆ ಚಕ್ರ ಕಟ್ಟಿಕೊಂಡು ಮೊದಲ ಬಾರಿ ನಿಂತದ್ದು, ಬಿದ್ದದ್ದು, ಮತ್ತೆ ಎದ್ದು ಓಡಿದ್ದು ಆ ಶೆಡ್ಡಿನ ಒಳಗೆ. ಅದು ನಮ್ಮ ಪಾಲಿನ ಸ್ಕೇಟಿಂಗ್ ರಿಂಕ್ ಆಗಿತ್ತು.

ಅದು ಮುಚ್ಚಿಹೋದದ್ದಕ್ಕೆ ಊರಿನಲ್ಲಿ ನಾನಾ ಕಾರಣಗಳನ್ನು ಹೇಳುವವರಿದ್ದಾರೆ. ಮಕ್ಕಳು ಮೊಬೈಲಿಗೆ ಅಂಟಿಕೊಂಡರು ಎನ್ನುತ್ತಾರೆ, ಟ್ಯೂಷನ್ನಿನಿಂದ ಬಿಡುವೇ ಸಿಗಲಿಲ್ಲ ಎನ್ನುತ್ತಾರೆ. ಸಿವಿಲ್ ಡಿಪ್ಲೊಮಾ ಮುಗಿಸಿ ಹದಿನೈದು ವರ್ಷಗಳಿಂದ ಈ ಜಿಲ್ಲೆಯಲ್ಲಿಯೇ ಕಟ್ಟಡದ ಕೆಲಸಗಳನ್ನು ನೋಡಿಕೊಳ್ಳುತ್ತಿರುವ ನನಗೆ ಆ ಕಾರಣಗಳು ಒಪ್ಪಿಗೆಯಾಗುವುದಿಲ್ಲ. ಮಕ್ಕಳು ಬರುವುದನ್ನು ಬಿಡುವ ಮೊದಲೇ ನೆಲ ಕೆಟ್ಟಿತ್ತು. ಕಳೆದ ತಿಂಗಳು ಅನುಮತಿ ಕೇಳಿ ಒಳಗೆ ಹೋಗಿ ಆ ನೆಲವನ್ನು ಅಳೆದು ನೋಡಿ ಬಂದ ಮೇಲೆ ಇದನ್ನು ಬರೆದಿಡಬೇಕೆನಿಸಿತು.

ರಿಂಕ್‌ಗೆ ನೆಲವೇ ಏಕೆ ಅಷ್ಟು ಮುಖ್ಯ ಎಂಬುದು ಸ್ಕೇಟಿನ ಹುಟ್ಟನ್ನು ನೋಡಿದರೆ ತಿಳಿಯುತ್ತದೆ. ಇಂದಿನ ಬೆಲ್ಜಿಯಂಗೆ ಸೇರಿದ ಹ್ಯೂಯ್ ಪಟ್ಟಣದಲ್ಲಿ ಹುಟ್ಟಿದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿ 18ನೆಯ ಶತಮಾನದ ಲಂಡನ್ನಿನಲ್ಲಿ ಚಕ್ರದ ಪಾದರಕ್ಷೆ ತೊಟ್ಟು, ಪಿಟೀಲು ನುಡಿಸುತ್ತ ಒಂದು ಸಮಾರಂಭಕ್ಕೆ ಬಂದನಂತೆ; ನಿಲ್ಲಲೂ ಆಗದೆ ತಿರುಗಲೂ ಆಗದೆ ದುಬಾರಿ ಕನ್ನಡಿಯೊಂದಕ್ಕೆ ಹೋಗಿ ಗುದ್ದಿದನೆಂಬ ಕಥೆ ಪ್ರಸಿದ್ಧವಾಗಿದೆ. ಪ್ಯಾರಿಸ್ಸಿನ ಪೆತಿಬ್ಲೆ ಎಂಬುವನು 1819ರಲ್ಲಿ ಪೇಟೆಂಟ್ ಪಡೆದ ಸ್ಕೇಟಿನಲ್ಲಿ ಚಕ್ರಗಳು ಒಂದರ ಹಿಂದೆ ಒಂದು ಬಿಗಿಯಾಗಿ ಕೂತಿದ್ದವು. ಅದು ನೇರವಾಗಿ ಓಡುತ್ತಿತ್ತೇ ಹೊರತು ತಿರುವಿಗೆ ಒಗ್ಗುತ್ತಿರಲಿಲ್ಲ.

ತಿರುವನ್ನು ಸಾಧ್ಯವಾಗಿಸಿದವನು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್. ಪೀಠೋಪಕರಣಗಳ ವ್ಯಾಪಾರಿಯಾಗಿದ್ದ ಆತ 1863ರ ಜನವರಿಯಲ್ಲಿ ಪೇಟೆಂಟ್ ಪಡೆದ ಸ್ಕೇಟಿಗೆ ಮುಂದೆ ಎರಡು, ಹಿಂದೆ ಎರಡು ಚಕ್ರಗಳಿದ್ದವು, ಮತ್ತು ಪಾದದ ಹಲಗೆಗೂ ಚಕ್ರದ ಅಚ್ಚಿಗೂ ನಡುವೆ ರಬ್ಬರಿನ ಮೆತ್ತೆ ಇತ್ತು. ಸವಾರ ಎಡಕ್ಕೆ ಬಾಗಿದರೆ ಮೈಭಾರಕ್ಕೆ ಎಡಬದಿಯ ರಬ್ಬರು ಕುಗ್ಗುತ್ತದೆ, ಅದರೊಂದಿಗೆ ಅಚ್ಚುಗಳು ಓರೆಯಾಗುತ್ತವೆ, ಸ್ಕೇಟು ತಾನಾಗಿಯೇ ಎಡಕ್ಕೆ ಹೊರಳುತ್ತದೆ. ಇಂದಿಗೂ ನಾಲ್ಕು ಚಕ್ರದ ಸ್ಕೇಟುಗಳು ನಡೆಯುವುದು ಇದೇ ಸೂತ್ರದ ಮೇಲೆ. ಎತ್ತಿನ ಬಂಡಿಯ ಅಚ್ಚನ್ನು ಕಂಡು ಬೆಳೆದ ನನ್ನಂಥವನಿಗೆ, ಓರೆಯಾಗಬಲ್ಲ ಅಚ್ಚು ಎಂಬ ಈ ಸರಳ ಯುಕ್ತಿಯ ಮೇಲೆ ಇಂದಿಗೂ ಅಪಾರ ಗೌರವವಿದೆ.

ಪ್ಲಿಂಪ್ಟನ್ನನಿಗೆ ತನ್ನ ಸ್ಕೇಟನ್ನು ಮಾರುವುದಕ್ಕಿಂತ ಅದಕ್ಕೆ ತಕ್ಕ ಜಾಗವನ್ನು ಒದಗಿಸುವುದು ಮುಖ್ಯವೆನಿಸಿತ್ತು. 1866ರಲ್ಲಿ ಆತ ನ್ಯೂಪೋರ್ಟ್ ಎಂಬ ಕಡಲತೀರದ ಊರಿನಲ್ಲಿ ಅಟ್ಲಾಂಟಿಕ್ ಹೌಸ್ ಎಂಬ ಹೋಟೆಲಿನ ಊಟದ ಸಭಾಂಗಣವನ್ನೇ ರಿಂಕ್ ಆಗಿ ಮಾರ್ಪಡಿಸಿದನು. ಮುಂದೆ 1870ರ ದಶಕದಲ್ಲಿ ಇಂಗ್ಲೆಂಡಿನ ಊರೂರಿನಲ್ಲಿ ಡಾಂಬರಿನ, ಸಿಮೆಂಟಿನ, ಮರದ ನೆಲಗಳ ರಿಂಕ್‌ಗಳು ಹುಟ್ಟಿ, ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮುಚ್ಚಿದವು. 1884ರಲ್ಲಿ ಲೆವಾಂಟ್ ರಿಚರ್ಡ್‌ಸನ್ ಚಕ್ರದೊಳಗೆ ಉಕ್ಕಿನ ಗುಂಡುಗಳ ಬೇರಿಂಗ್ ಕೂರಿಸಲು ಪೇಟೆಂಟ್ ಪಡೆದ ಮೇಲೆ ವೇಗ ಹೆಚ್ಚಿತು, ವೇಗದೊಂದಿಗೆ ನೆಲದ ಮೇಲಿನ ಬೇಡಿಕೆಯೂ ಹೆಚ್ಚಿತು.

ಅಮೆರಿಕದ ಒಳ್ಳೆಯ ರಿಂಕ್‌ಗಳಲ್ಲಿ ಗಟ್ಟಿ ಮೇಪಲ್ ಮರದ ಸಣ್ಣ ಪಟ್ಟಿಗಳನ್ನು ಒಂದಕ್ಕೊಂದು ಕಚ್ಚಿಸಿ ಹಾಸುತ್ತಾರೆ. ಅಂಥ ಕೆಲವು ರಿಂಕ್‌ಗಳ ಎರಡು ತುದಿಗಳಲ್ಲಿ, ಸ್ಕೇಟರುಗಳು ತಿರುಗುವ ಕಡೆಗೆ ಪಟ್ಟಿಗಳನ್ನೂ ತಿರುವಿನೊಂದಿಗೆ ಬಳಸಿ ಜೋಡಿಸಿರುತ್ತಾರೆ. ಆಗ ಚಕ್ರ ಸಂದನ್ನು ಅಡ್ಡ ದಾಟದೆ ಮರದ ಎಳೆಯ ಗುಂಟ ಸಾಗುತ್ತದೆ. ಆ ಜೋಡಣೆಗೆ ಬೇಕಾದ ಬಡಗಿಯ ತಾಳ್ಮೆಯನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ನಮ್ಮ ದೇಶದಲ್ಲಿಯೂ ಮರದ ನೆಲದ ಹೆಸರಾಂತ ರಿಂಕ್ ಇತ್ತು. ಮಸ್ಸೂರಿಯಲ್ಲಿ 1890ರಲ್ಲಿ ಕಟ್ಟಿದ ಆ ರಿಂಕ್ ಒಂದು ಶತಮಾನಕ್ಕೂ ಮೀರಿ ಉಳಿದು, 2024ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಸುದ್ದಿ ಓದಿದ ದಿನ, ನಾನು ಒಮ್ಮೆಯೂ ಕಾಣದ ಆ ಕಟ್ಟಡಕ್ಕಾಗಿ ಮನಸ್ಸು ಬಹಳ ನೊಂದಿತು.

ರಾಯಚೂರಿನಲ್ಲಿ ಮರದ ನೆಲದ ಮಾತು ಇರಲಿಲ್ಲ. ಗೆದ್ದಲು, ಬಿಸಿಲು, ಖರ್ಚು ಮೂರೂ ಅಡ್ಡ ಬರುತ್ತಿದ್ದವು. ನಮ್ಮದು ಕಾಂಕ್ರೀಟಿನ ನೆಲ. ರೋಲರ್ ಹಾಕಿಯ ಅಂಕಣ ಸಾಮಾನ್ಯವಾಗಿ 40 ಮೀಟರ್ ಉದ್ದ, 20 ಮೀಟರ್ ಅಗಲವಿದ್ದು ಮೂಲೆಗಳು ದುಂಡಗಿರುತ್ತವೆ. ನಮ್ಮ ರಿಂಕ್ ಅದಕ್ಕಿಂತ ತುಸು ಚಿಕ್ಕದಾಗಿ, ಅದೇ ಆಕಾರದಲ್ಲಿತ್ತು. ಸುತ್ತಲೂ ಮಕ್ಕಳ ಎದೆಮಟ್ಟಕ್ಕೆ ಪೈಪಿನ ಕಟಾಂಜನ, ಒಂದು ಬದಿಗೆ ಸ್ಕೇಟು ಕಟ್ಟಿಕೊಳ್ಳಲು ಕಡಪ ಕಲ್ಲಿನ ಕಟ್ಟೆ, ಅದರ ಪಕ್ಕಕ್ಕೆ ಬಾಡಿಗೆ ಸ್ಕೇಟುಗಳ ಗೂಡು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ನಿಲ್ಲುವುದು ಅಸಾಧ್ಯವಾದ್ದರಿಂದ ಬೆಳಗಿನ ಐದೂವರೆಗೆ ಅಭ್ಯಾಸ ಆರಂಭವಾಗಿ ಎಂಟಕ್ಕೆ ಮುಗಿಯುತ್ತಿತ್ತು. ಎಲ್ಲರೂ ಗಡಿಯಾರದ ಮುಳ್ಳಿಗೆ ಎದುರಾಗಿ, ಎಡಕ್ಕೆ ತಿರುಗುತ್ತಲೇ ಸುತ್ತಬೇಕೆಂಬುದು ನಿಯಮ.

ನೆಲ ಹಾಕಿದ್ದು ಒಂದು ಏಪ್ರಿಲ್ ತಿಂಗಳಿನಲ್ಲಿ. ನಮ್ಮ ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸದಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವರು. ಆ ದಿನ ಸಂಜೆ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದರು. ಅಲ್ಲಿದ್ದ ಹಿರಿಯ ಗೌಂಡಿ ಮಾಲೀಕರಿಗೆ ಹೇಳುತ್ತಿದ್ದ ಮಾತು ನನಗೆ ಇನ್ನೂ ನೆನಪಿದೆ: "ಸಾಹೇಬ್ರ, ಇದು ಎರಿ ಭೂಮಿ ಐತ್ರಿ. ಇದರ ಮ್ಯಾಲ ಮನಿ ಕಟ್ಟಿದ್ರ ಮಳಿಗಾಲದಾಗ ಬಾಗಲಾ ಹಾಕಾಕ ಬರಂಗಿಲ್ಲ, ಬ್ಯಾಸಗ್ಯಾಗ ಗ್ವಾಡಿ ಬಿಡತಾವ. ಮ್ಯಾಲಿನ ಮಣ್ಣು ತಗದು ಗರಸು ತುಂಬ್ರಿ." ಹಣವೆಲ್ಲ ಚಾವಣಿಗೆ ಖರ್ಚಾಗಿತ್ತು. ಮಣ್ಣನ್ನು ಒಂದು ಅಡಿಯಷ್ಟು ಮಾತ್ರ ಕೆರೆದು, ಕಲ್ಲುಪುಡಿ ಹರಡಿ, ಅದರ ಮೇಲೆ ಕಾಂಕ್ರೀಟ್ ಹಾಕಿಬಿಟ್ಟರು. ದಾರಿಯಲ್ಲಿ ಅಪ್ಪ, "ಎರಡು ಮಳಿಗಾಲ ತಡೀಬಹುದು, ನೋಡಪ್ಪಾ" ಎಂದಷ್ಟೇ ಹೇಳಿದರು.

ಎರೆಮಣ್ಣಿನ ಗುಣವನ್ನು ಇಲ್ಲಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿಗೂ ಬಿಳಿಜೋಳಕ್ಕೂ ತೇವ ಹಿಡಿದಿಟ್ಟು ಪೊರೆಯುವ ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕೈ ಇಳಿಸಿ ನೋಡಿದವರಿಗೆ ಆ ಕುಗ್ಗುವಿಕೆಯ ಅಳತೆ ಗೊತ್ತಿರುತ್ತದೆ. ಚಾವಣಿಯ ಕೆಳಗಿನ ಕಾಂಕ್ರೀಟಿಗೆ ಇದು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ನಡುಭಾಗದ ಮಣ್ಣಿನ ತೇವ ಮೇಲೆ ಆವಿಯಾಗಿ ಹೋಗಲು ದಾರಿಯಿಲ್ಲದೆ ಅಲ್ಲಿಯೇ ಕೂಡಿಕೊಂಡು ನೆಲವನ್ನು ಮೇಲಕ್ಕೆ ಒತ್ತುತ್ತದೆ. ಅಂಚಿನ ಮಣ್ಣು ಬಿಸಿಲಿಗೆ ಒಣಗಿ ಕೆಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ತಗಡಿನಿಂದ ಸುರಿದ ನೀರು ಅದೇ ಅಂಚಿಗೆ ಬಿದ್ದು ಅಲ್ಲಿಯ ಮಣ್ಣು ಉಬ್ಬುತ್ತದೆ. ಹೀಗೆ ವರ್ಷಕ್ಕೊಮ್ಮೆ ಒಂದು ದಿಕ್ಕಿಗೂ ಮತ್ತೊಮ್ಮೆ ಇನ್ನೊಂದು ದಿಕ್ಕಿಗೂ ಬಾಗುವ ಕಾಂಕ್ರೀಟ್ ಎಷ್ಟು ದಿನ ತಾಳೀತು?

ಅಪ್ಪ ಹೇಳಿದಂತೆ ಮೂರನೆಯ ಮಳೆಗಾಲದ ಹೊತ್ತಿಗೆ ಬಿರುಕುಗಳು ಕಾಣಿಸಿದವು. ಸೈಕಲ್ಲಿನ ಗಾಲಿಗೆ ಅವು ಲೆಕ್ಕಕ್ಕೇ ಬರುವಂಥವಲ್ಲ. ಆದರೆ ನಾಲ್ಕು ಚಕ್ರದ ಸ್ಕೇಟಿನ ಗಾಲಿ ಸುಮಾರು 6 ಸೆಂಟಿಮೀಟರ್ ಎತ್ತರದ್ದು. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೊಂಚ ಮೇಲೆದ್ದಿದ್ದರೂ ಗಾಲಿ ತಟ್ಟನೆ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಎಡಕ್ಕೆ ಬಾಗಿ ತಿರುಗುವಾಗ ಹಾಗಾದರೆ ಬೀಳುವುದು ಮುಂಗೈ ಮೇಲೆ. ಒಬ್ಬ ಹುಡುಗಿಯ ಮಣಿಕಟ್ಟು ಮುರಿಯಿತು, ಮುಂದಿನ ವಾರ ಇನ್ನೊಬ್ಬನ ಹಲ್ಲು. ಬಿರುಕಿಗೆ ಸಿಮೆಂಟ್ ಹಾಲು ಹುಯ್ದರು, ಡಾಂಬರು ತುಂಬಿದರು. ಬೇಸಗೆ ಬಂದಾಗ ಎಲ್ಲವೂ ಮತ್ತೆ ಬಿಟ್ಟುಕೊಂಡವು. ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ.

ದುಃಖವಾಗುವುದು ಇದಕ್ಕೆ ಪರಿಹಾರ ಆಗಲೇ ಗೊತ್ತಿದ್ದದ್ದಕ್ಕೆ. ಎರೆಮಣ್ಣಿನ ಕಾಲುವೆಗಳ ಗೋಡೆ ಒಡೆಯುವುದನ್ನು ತಡೆಯಲು ಬಾಂಬೆ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ದಶಕಗಳ ಹಿಂದೆಯೇ ಒಂದು ವಿಧಾನ ರೂಪಿಸಿದ್ದರು: ಎರೆಯ ಮೇಲೆ ಸುಮಾರು ಒಂದು ಮೀಟರಿನಷ್ಟು ದಪ್ಪಕ್ಕೆ, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ಹಾಸಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬರ ಮೇಲಕ್ಕೆ ಬರುವುದಿಲ್ಲ. ಕಟ್ಟಡಗಳಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳ ಪದ್ಧತಿಯನ್ನು ಬೆಳೆಸಿದ್ದಾರೆ. ಗೌಂಡಿ ಹೇಳಿದ ಗರಸಿನ ಮಾತೂ ಹೆಚ್ಚುಕಡಿಮೆ ಇದೇ ಜಾಡಿನದು. ಗರಸು ನಮ್ಮ ಗುಡ್ಡಗಳ ಬುಡದಲ್ಲಿ ಸಿಗುತ್ತದೆ. ಅದರ ಜೊತೆಗೆ ಚಾವಣಿಯ ನೀರನ್ನು ದೋಣಿಯಲ್ಲಿ ಹಿಡಿದು ದೂರ ಸಾಗಿಸಿ, ಸುತ್ತಲೂ ಎರಡು ಮೀಟರ್ ಅಗಲದ ಕಲ್ಲುಹಾಸು ಹಾಕಿದ್ದರೆ, ಚಾವಣಿಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದರೂ ನಡೆಯುತ್ತಿತ್ತು.

ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಮಿಕ್ಕಿ ಉದ್ದದ ಬಂಡೆಯೊಂದಿದೆ. ಅದನ್ನು ಕೋಣಗಳು ಎಳೆಯುವ ಬಂಡಿಯ ಮೇಲೆ ಹೇರಿ ತಂದ ಬಗೆಯನ್ನು ಅಲ್ಲಿಯೇ ಗೆರೆಗಳಲ್ಲಿ ಕೊರೆದಿದ್ದಾರೆ. ಅಷ್ಟು ಭಾರವನ್ನು ಗಾಲಿಯ ಮೇಲೆ ಸಾಗಿಸಿದವರು ಗಾಲಿಯ ಕೆಳಗಿನ ನೆಲವನ್ನು ಹೇಗೆ ಸಜ್ಜುಗೊಳಿಸಿದ್ದರೋ ಎಂಬ ಯೋಚನೆ ಆ ಚಿತ್ರದ ಮುಂದೆ ನಿಂತಾಗಲೆಲ್ಲ ನನಗೆ ಬರುತ್ತದೆ.

2023ರ ಅಕ್ಟೋಬರ್ 2ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರ ಹಾಗೂ ಪುರುಷರ ತಂಡಗಳೆರಡೂ 3000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದಾಗ, ನನ್ನ ಜೊತೆ ಕಲಿತ ನಾಲ್ಕೈದು ಜನ ರಾತ್ರಿ ಫೋನು ಮಾಡಿದ್ದರು. ಎಲ್ಲರೂ ಕೇಳಿದ್ದು ಒಂದೇ ಮಾತು, ನಮ್ಮ ರಿಂಕ್ ಈಗ ಹೇಗಿದೆ ಎಂದು. ಆಗ ಉತ್ತರವಿರಲಿಲ್ಲ.

ಕಳೆದ ತಿಂಗಳು ಹೋದಾಗ ನೀರು ತುಂಬಿದ ಲೆವೆಲ್ ಪೈಪನ್ನೂ ನನ್ನ ಹಳೆಯ ಸ್ಕೇಟುಗಳಲ್ಲಿ ಒಂದನ್ನೂ ಒಯ್ದಿದ್ದೆ. ನಡುನೆಲ ಅಂಚಿಗಿಂತ ಎರಡು ಬೆರಳಿನಷ್ಟು ಮೇಲೆದ್ದಿತ್ತು. ಬಿರುಕುಗಳು ಉದ್ದಕ್ಕೂ ಹರಿದು ಮೂಲೆಗಳಲ್ಲಿ ಕವಲೊಡೆದಿದ್ದವು. ಆದರೆ ಚಾವಣಿಯ ಕಂಬಗಳ ಸುತ್ತ, ಪಾಯಕ್ಕೆಂದು ಆಳವಾಗಿ ತೋಡಿ ಗರಸು ತುಂಬಿದ್ದ ಕಡೆಗಳಲ್ಲಿ ಮಾತ್ರ, ಗೌಂಡಿ ಕರಣಿಯಿಂದ ತೀಡಿದ ನುಣುಪು ಹಾಗೆಯೇ ಉಳಿದಿತ್ತು. ಒಂದೊಂದು ಕಂಬದ ಬುಡದಲ್ಲಿಯೂ ಚಾಪೆಯಗಲದ ಕೆಡದ ನೆಲ. ಅಂಥ ಒಂದು ಜಾಗದಲ್ಲಿ ಕೂತು ಸ್ಕೇಟನ್ನು ಮೆಲ್ಲನೆ ತಳ್ಳಿದೆ. ಅದು ಸದ್ದಿಲ್ಲದೆ ನೇರವಾಗಿ ಉರುಳಿಕೊಂಡು ಹೋಗಿ, ಗರಸು ಮುಗಿದು ಎರೆ ಶುರುವಾಗುವ ಗೆರೆಯ ಮೇಲಿನ ಬಿರುಕಿಗೆ ಸಿಕ್ಕಿ ನಿಂತಿತು.